ಬೆಂಗಳೂರು ಬ್ಲೂ ತೆಗೆದು ವೈನ್ ದ್ರಾಕ್ಷಿ ಹಾಕಬಹುದಾ? ನಂದಿ ತಪ್ಪಲು, 2 ಎಕರೆ

ಕೆಂಪುಮಣ್ಣು (ಪ್ರಶ್ನೆ)

ಜಾಗ ದೊಡ್ಡಬಳ್ಳಾಪುರ ತಾಲ್ಲೂಕು, ನಂದಿ ಬೆಟ್ಟದ ಕಡೆ. 2 ಎಕರೆ ಬೆಂಗಳೂರು ಬ್ಲೂ, ಚಪ್ಪರದ ಮೇಲೆ, ಅಂತರ 15 × 10 ಅಡಿ. ಬಳ್ಳಿ ಹಳೆಯವು, ಕಸಿ ಅಲ್ಲ, ಸ್ವಂತ ಬೇರಿನವು. ಕೆಂಪು ಮರಳು ಮಿಶ್ರಿತ ಗೋಡು, ಎರಡೂವರೆ ಅಡಿ ಕೆಳಗೆ ನೊರಜುಗಲ್ಲು. ಬೋರ್‌ವೆಲ್ ನೀರು, ಡ್ರಿಪ್ ಇದೆ.

ಈ ಭಾಗದಲ್ಲಿ ವೈನರಿಗಳು ಬಂದು ಮೂವತ್ತು ವರ್ಷದ ಮೇಲಾಯಿತು. ಆದರೂ ಬಹುಪಾಲು ರೈತರು ಇನ್ನೂ ಬ್ಲೂ, ದಿಲ್‌ಖುಷ್ ಬಿಟ್ಟು ಆಚೆ ಹೋಗಿಲ್ಲ. ಇರುವ ಬ್ಲೂ ಹಣ್ಣನ್ನೇ ವೈನರಿಗೆ ಕೊಡಲು ಆಗುವುದಿಲ್ಲವೇ? ಆಗದಿದ್ದರೆ ಹಳೆಯ ಬುಡದ ಮೇಲೆಯೇ ಕ್ಯಾಬರ್ನೆ, ಶಿರಾಜ್ ಕಸಿ ಕಟ್ಟಿಸಬಹುದೇ, ಅಥವಾ ಕಿತ್ತು ಹೊಸದಾಗಿ ನೆಡಬೇಕೇ? ಎಕರೆಗೆ ಎಷ್ಟು ಟನ್ ಲೆಕ್ಕ ಹಿಡಿಯಬೇಕು? ಕೊನೆಗೆ, ಚಿಕ್ಕದಾಗಿ ಸ್ವಂತ ವೈನರಿ ಅನ್ನುವುದು ಲೆಕ್ಕಕ್ಕೆ ಬರುತ್ತದೆಯೇ? ಗೊತ್ತಿರುವವರು ಅಂಕಿ ಸಮೇತ ತಿಳಿಸಿ.

---

ಬಳ್ಳಿಕಣ್ಣು

ಮೊದಲ ಪ್ರಶ್ನೆಗೆ ಉತ್ತರ ಈ ಊರಿನ ವೈನ್ ಇತಿಹಾಸದಲ್ಲೇ ಇದೆ. ಗ್ರೋವರ್ ವೈನರಿ ಕಟ್ಟಿದ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಇಲ್ಲಿಗೆ ಬಂದಾಗ ಸುತ್ತಲೂ ಬ್ಲೂ ತೋಟಗಳು ಬೇಕಾದಷ್ಟಿದ್ದವು. ಅವರು ಅದನ್ನು ಮುಟ್ಟಲಿಲ್ಲ. ಫ್ರಾನ್ಸಿನ ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಅವರ ಸಲಹೆಯಲ್ಲಿ ಸುಮಾರು 35 ಫ್ರೆಂಚ್ ತಳಿಗಳನ್ನು ತರಿಸಿ ಪರೀಕ್ಷೆ ಮಾಡಿ, ಇಲ್ಲಿ ನಿಲ್ಲುವ ಕೆಲವನ್ನಷ್ಟೇ ಉಳಿಸಿಕೊಂಡರು. 1988ರಲ್ಲಿ ದೊಡ್ಡಬಳ್ಳಾಪುರದ ರಘುನಾಥಪುರದ ಬಳಿ ತೋಟ ಶುರುವಾಯಿತು, 1992ರಲ್ಲಿ ಬಾಟಲಿ ಮಾರುಕಟ್ಟೆಗೆ ಬಂತು. ಆಮೇಲೆ ಬೋರ್ಡೋದ ಮಿಶೆಲ್ ರೋಲಾಂ ಸಲಹೆಗಾರರಾದರು. ಈ ಭಾಗದಲ್ಲಿ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ಸೊವಿನ್ಯೋನ್ ಬ್ಲಾಂ, ವಿಯೊನ್ಯೇ ನೆಲೆ ನಿಂತದ್ದು ಹೀಗೆ.

ಗ್ರೋವರ್ ಅವರ ನಿಜವಾದ ಸಮಸ್ಯೆ ತಳಿಗಿಂತ ಹವೆಯದು. ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತಕ್ಕೆ ತಾನೇ ಏಳುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿ ಬಳ್ಳಿ ಮಲಗುವುದೇ ಇಲ್ಲ. ಮಳೆಗಾಲದಲ್ಲಿ ಹಣ್ಣಾಗಲು ಬಿಟ್ಟರೆ ಕೊಳೆತು ಹೋಗುತ್ತದೆ. ಹಾಗಾಗಿ ಕೊಯ್ಲು ಫೆಬ್ರವರಿ-ಮಾರ್ಚ್‌ಗೆ ಬೀಳುವಂತೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿ ಒಂದೇ ಬೆಳೆ ತೆಗೆಯುವ ಕ್ರಮಕ್ಕೆ ಫ್ರೆಂಚ್ ತಳಿಗಳನ್ನು ಒಗ್ಗಿಸಬೇಕಾಯಿತು. ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನ ಈ ತಪ್ಪಲಲ್ಲಿ ಫೆಬ್ರವರಿ ಹಗಲು ಕಾಯ್ದರೂ ರಾತ್ರಿ ತಂಪು. ಹಣ್ಣಿನ ಹುಳಿ ರಾತ್ರಿ ಉಳಿದುಕೊಳ್ಳುತ್ತದೆ. ನಂದಿಯನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ಅದು.

ಬ್ಲೂ ಯಾಕೆ ಆಗುವುದಿಲ್ಲ ಅಂದರೆ, ಅದು ಲಾಬ್ರುಸ್ಕಾ ಜಾತಿ. ಆ ಘಾಟು ಪರಿಮಳ ಜ್ಯೂಸ್‌ನಲ್ಲಿ ಚೆನ್ನ, ಒಣ (ಸಿಹಿ ಇಲ್ಲದ) ಕೆಂಪು ವೈನ್‌ನಲ್ಲಿ ಮೂಗಿಗೆ ಹೊಡೆಯುತ್ತದೆ. ಎರಡನೆಯದು ಸಕ್ಕರೆ. ನಮ್ಮ ಇಳುವರಿ ಮಟ್ಟದಲ್ಲಿ ಬ್ಲೂ 16ರಿಂದ 18 ಬ್ರಿಕ್ಸ್ (ರಸದ ಸಕ್ಕರೆಯ ಶೇಕಡಾವಾರು ಅಳತೆ) ಮುಟ್ಟಿದರೆ ಹೆಚ್ಚು. ಬ್ರಿಕ್ಸ್ ಅನ್ನು 0.55ರಿಂದ ಗುಣಿಸಿದರೆ ಸರಿಸುಮಾರು ಆಲ್ಕೊಹಾಲ್ ಶೇಕಡಾವಾರು ಸಿಗುತ್ತದೆ, ಅಂದರೆ 9-10. ಕೆಂಪು ವೈನ್‌ಗೆ ವೈನರಿಗಳು ಕೇಳುವುದು 22ರಿಂದ 24 ಬ್ರಿಕ್ಸ್. ಬ್ಲೂ ವೈನರಿಗೆ ಹೋಗುವುದೇ ಇಲ್ಲ ಅಂತಲ್ಲ, ಸಿಹಿ ಪೋರ್ಟ್ ಮಾದರಿಗೆ ಹೋಗುತ್ತದೆ. ಆದರೆ ಅಲ್ಲಿ ಸಿಗುವ ದರ ಜ್ಯೂಸ್ ದರಕ್ಕಿಂತ ದೊಡ್ಡದಾಗಿ ಮೇಲೇಳುವುದಿಲ್ಲ.

ಹಳೆಯ ಬುಡದ ಮೇಲೆ ಕಸಿ: ಕೂಡಿಕೊಳ್ಳುತ್ತದೆ, ಆದರೂ ಬೇಡ. 15 × 10 ಅಂತರದಲ್ಲಿ ಎಕರೆಗೆ 290 ಬುಡ ಮಾತ್ರ. ವೈನ್ ದ್ರಾಕ್ಷಿಗೆ ಬೇಕಾದ್ದು 8 × 4 ಅಡಿ, ಅಂದರೆ 1,360 ಬಳ್ಳಿ. ಒಂದೊಂದು ಬಳ್ಳಿಯಿಂದ ಕಡಿಮೆ ಹಣ್ಣು, ಬಳ್ಳಿಗಳು ಹೆಚ್ಚು, ಇದು ಲೆಕ್ಕ. 290 ಬುಡದಿಂದ ಅದೇ ಟನ್ ತೆಗೆಯಲು ಹೋದರೆ ಒಂದೊಂದು ಬಳ್ಳಿಯ ಮೇಲೆ 15 ಕೆ.ಜಿ. ದಾಟುತ್ತದೆ, ಬ್ರಿಕ್ಸ್ ಏರುವುದಿಲ್ಲ. ಜೊತೆಗೆ ಹಳೆಯ ಕಾಂಡದಲ್ಲಿ ಕೊರೆಹುಳು, ಕಾಂಡ ಒಣಗುವ ರೋಗ, ವೈರಸ್ ಇದ್ದರೆ ಹೊಸ ಕಸಿಗೂ ಅದೇ ಬಳುವಳಿ.

ಕಿತ್ತ ಮೇಲೆ ಕೂಡಲೇ ನೆಡಬೇಡಿ. ಮಣ್ಣು ಮತ್ತು ಬೇರು ಎರಡನ್ನೂ ಜಂತುಹುಳು (ನೆಮಟೋಡ್) ಪರೀಕ್ಷೆಗೆ ಕಳಿಸಿ. ಒಂದು ಹಂಗಾಮು ಚೆಂಡು ಹೂವು ಹಾಕಿ. ನಿಮ್ಮ ಕಡೆ ಅದಕ್ಕೆ ಮಾರುಕಟ್ಟೆಯೂ ಇದೆ, ಬೇರುಗಂಟು ಹುಳುವೂ ತಗ್ಗುತ್ತದೆ. ಆಮೇಲೆ ಉತ್ತರ-ದಕ್ಷಿಣವಾಗಿ ಎರಡೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ. ನೊರಜುಗಲ್ಲು ಸಿಕ್ಕರೆ ಹೆದರಬೇಡಿ, ಜೆಸಿಬಿ ಹಲ್ಲಿನಿಂದ ಸೀಳಿದರೆ ಬೇರು ಇಳಿಯುತ್ತದೆ. ಮೇಲ್ಮಣ್ಣು ಮತ್ತು ಕೊಳೆತ ಕೊಟ್ಟಿಗೆ ಗೊಬ್ಬರ ಕೆಳಗೆ, ಅಗೆದ ಗರಸು ಮೇಲೆ.

ಬೇರುಕಾಂಡವನ್ನು (ಕಸಿಗೆ ಬುಡವಾಗುವ ಬಳ್ಳಿ) ಫೆಬ್ರವರಿ-ಮಾರ್ಚ್‌ನಲ್ಲಿ ನೆಟ್ಟು, ಅದು ಪೆನ್ಸಿಲ್ ದಪ್ಪ ಬಂದ ಮೇಲೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸ್ಥಳದಲ್ಲೇ ಬೆಣೆ ಕಸಿ. ಕಸಿ ಜಾಗ ನೆಲದಿಂದ ಒಂದಡಿ ಮೇಲಿರಲಿ, ಇಲ್ಲದಿದ್ದರೆ ಮೇಲಿನ ತಳಿ ತಾನೇ ಬೇರು ಬಿಟ್ಟು ಬೇರುಕಾಂಡ ವ್ಯರ್ಥ. ಬೇರುಕಾಂಡದಲ್ಲಿ 110 ರಿಕ್ಟರ್ ತಳಿ ಕೇಳಿ. ಎಲ್ಲ ನರ್ಸರಿಯಲ್ಲೂ ಸಿಗುವ ಡಾಗ್‌ರಿಡ್ಜ್ ಊಟದ ದ್ರಾಕ್ಷಿಗೆ (ಹಣ್ಣಾಗಿ ತಿನ್ನುವುದಕ್ಕೆ) ಸರಿ. ವೈನ್ ದ್ರಾಕ್ಷಿಯಲ್ಲಿ ಅದರ ಹುರುಪು ಜಾಸ್ತಿಯಾಗಿ ಎಲೆ ಕವಿದುಕೊಳ್ಳುತ್ತದೆ.

ಚಪ್ಪರದ ಕಲ್ಲು-ತಂತಿ ಪೂರ್ತಿ ಹಾಳಾಗುವುದಿಲ್ಲ. ಕಲ್ಲುಗಳನ್ನು ಸಾಲಿಗೆ ಹಾಕಿ ಬೇಲಿಯಂತೆ ನೆಟ್ಟಗೆ ನಿಲ್ಲುವ ತಂತಿ ಹಂದರ ಮಾಡಿ. ಮೊದಲ ತಂತಿ ನೆಲದಿಂದ 3 ಅಡಿ, ಅದರ ಮೇಲೆ ಒಂದೊಂದು ಅಡಿಗೆ ಮೂರು ಜೋಡಿ. ತೋಳು (ಕಾಂಡದಿಂದ ಹೊರಡುವ ಮುಖ್ಯ ಕೊಂಬೆ) ಮೊದಲ ತಂತಿ ಮೇಲೆ, ಚಿಗುರೆಲ್ಲ ಮೇಲಕ್ಕೆ.

ಇಳುವರಿಯನ್ನು ಹೀಗೆ ಹಾಕಿ ನೋಡಿ: ಬಳ್ಳಿಗೆ 14-15 ಚಿಗುರು, 25 ಗೊನೆ, ಗೊನೆ 140 ಗ್ರಾಂ. ಬಳ್ಳಿಗೆ ಮೂರೂವರೆ ಕೆ.ಜಿ., ಎಕರೆಗೆ 4.75 ಟನ್. ಎರಡನೇ ವರ್ಷ ಸ್ವಲ್ಪ ಹಣ್ಣು, ಪೂರ್ಣ ಫಸಲು ಮೂರನೆಯದರಿಂದ. ಬ್ಲೂನಲ್ಲಿ ಎಕರೆಗೆ 12-15 ಟನ್ ನೋಡಿದ ಕಣ್ಣಿಗೆ ಇದು ನಷ್ಟದ ತೋಟದಂತೆ ಕಾಣುತ್ತದೆ. ಹಸಿ ಗೊನೆ ಕತ್ತರಿಸಿ ನೆಲಕ್ಕೆ ಹಾಕುವ ಧೈರ್ಯ ಇಲ್ಲದವರು ವೈನ್ ದ್ರಾಕ್ಷಿಗೆ ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

---

ಚಾಟ್ನಿ_ವಿಜಯಪುರ

ಮೇಲಿನವರು ಬರೆದದ್ದರಲ್ಲಿ ಡಾಗ್‌ರಿಡ್ಜ್ ವಿಷಯ ಒಂದು ಬಿಟ್ಟು ಉಳಿದದ್ದೆಲ್ಲ ಒಪ್ಪಿಗೆ. ಡಾಗ್‌ರಿಡ್ಜ್ ನಮ್ಮ ಕಡೆ ಬಂದದ್ದೇ ಬರ ಮತ್ತು ಉಪ್ಪು ನೀರಿನ ಸಲುವಾಗಿ. ಮೊದಲು ಬೋರ್ ನೀರಿನ ಇಸಿ (ಉಪ್ಪಿನಂಶದ ಅಳತೆ) ನೋಡಿಸ್ರಿ. 1ರ ಒಳಗಿದ್ದರೆ 110 ಹಾಕ್ರಿ. 2 ದಾಟಿದ್ದರೆ ಎರಡೂ ಬ್ಯಾಡ, ವೈನ್ ದ್ರಾಕ್ಷಿ ವಿಚಾರನೇ ಬಿಡ್ರಿ. ನಡುವೆ ಇದ್ದರೆ ಡಾಗ್‌ರಿಡ್ಜ್ ಹಾಕಿ ಸಾರಜನಕ ಕಡಿಮೆ ಮಾಡಿ ಹುರುಪು ಹಿಡೀಬಹುದು.

ಇನ್ನ ಚಾಟ್ನಿ, ಅಂದರ ಬಳ್ಳಿಗೆ ಕತ್ತರಿ ಹಾಕೋದು. ಏಪ್ರಿಲ್ ಚಾಟ್ನಿಯಲ್ಲಿ ಒಂದು ಕಣ್ಣಿಗೆ (ಚಿಗುರೊಡೆಯೋ ಮೊಗ್ಗಿಗೆ) ಹಿಂದಕ್ಕೆ ಕತ್ತರಿಸಿದರೆ ಬರುವ ಕಡ್ಡಿಯಲ್ಲಿ ಮುಂದಿನ ವರ್ಷದ ಗೊನೆ ತಯಾರಾಗ್ತದ. ಚಾಟ್ನಿ ಆಗಿ 40ರಿಂದ 60 ದಿನದ ನಡುವೆ ಕಣ್ಣಿನೊಳಗ ಗೊನೆ ಆಗಬೇಕೋ ಬಳ್ಳಿ-ಕುಡಿ ಆಗಬೇಕೋ ಅನ್ನೋದು ತೀರ್ಮಾನ ಆಗೋದು. ಆ ದಿನದಾಗ ನೀರು ಕಮ್ಮಿ, ಯೂರಿಯಾ ಬಂದ್, ಕಡ್ಡಿಗೆ ಬಿಸಿಲು ಬೀಳಬೇಕು. ಜೂನ್ ಮೋಡ ಹಿಡಿದಾಗ ಎಲೆ ದಟ್ಟ ಇದ್ದ ತೋಟ ಅಕ್ಟೋಬರ್‌ನಲ್ಲಿ ಬಂಜೆ ಚಿಗುರು ಕೊಡೋದು ಇದರಿಂದನೇ. ಆಗ ಅಕ್ಟೋಬರ್ ಚಾಟ್ನಿ ಮಾಡಿದವನನ್ನ ಬೈದು ಉಪಯೋಗ ಇಲ್ಲ, ತಪ್ಪು ಮೇ-ಜೂನ್ ತಿಂಗಳದ್ದು. 45ನೇ ದಿನಕ್ಕ ಐದನೇ ಎಲೆಯ ತೊಟ್ಟು ಕಿತ್ತು ಪರೀಕ್ಷೆಗೆ ಕಳಿಸ್ರಿ, ಹೂವಿನ ಟೈಮಿಗೆ ಗೊನೆ ಎದುರಿನ ಎಲೆ ತೊಟ್ಟು ಕಳಿಸ್ರಿ. ಪೊಟ್ಯಾಷ್ ಅಂದಾಜಿನ ಮ್ಯಾಲೆ ಹಾಕಬ್ಯಾಡ್ರಿ.

ಅಕ್ಟೋಬರ್ ಫಲ ಚಾಟ್ನಿಗೆ ಮೊದಲ ಕಡ್ಡಿ ತಗೊಂಡು ಕಣ್ಣು ಪರೀಕ್ಷೆ ಮಾಡಿಸ್ರಿ. ಸೂಕ್ಷ್ಮದರ್ಶಕದಾಗ ಯಾವ ನಂಬರ್ ಕಣ್ಣಿನಲ್ಲಿ ಗೊನೆ ಅದ ಅಂತ ಕಾಣ್ತದ. ಎರಡನೇ ಕಣ್ಣಿನಲ್ಲೇ ಇದ್ದರೆ ಗಿಡ್ಡ ಕತ್ತರಿಸಬಹುದು, ನಾಲ್ಕು-ಐದರಲ್ಲಿದ್ದರೆ ಉದ್ದ ಬಿಡಬೇಕು. ಪಕ್ಕದ ತೋಟದವರನ್ನ ನೋಡಿ ಕತ್ತರಿಸೋದು ಬ್ಯಾಡ.

ಚಾಟ್ನಿ ಆಗಿ 24ರಿಂದ 48 ತಾಸಿನೊಳಗ ಹೈಡ್ರೋಜನ್ ಸಯನಮೈಡ್, ಲೀಟರಿಗೆ 30ರಿಂದ 40 ಮಿ.ಲೀ., ಅರಿವಿ ಸುತ್ತಿದ ಕಡ್ಡಿಯಿಂದ ಬೇಕಾದ ಕಣ್ಣಿಗೆ ಮಾತ್ರ ಹಚ್ಚಬೇಕು. ಹಚ್ಚದಿದ್ದರೆ ತುದಿ ಕಣ್ಣು ಮೊದಲು ಒಡೆದು ಹಿಂದಿನವು ಮಲಗಿಬಿಡ್ತಾವ, ಹಣ್ಣು ಒಂದೇ ಸಲ ಮಾಗೋದಿಲ್ಲ. ಕೈಗವಸು, ಕನ್ನಡಕ ಇಲ್ಲದ ಈ ಔಷಧಿ ಮುಟ್ಟಬಾರದು. ಹಚ್ಚುವ ಆಳುಗಳು ಹಿಂದಿನ ದಿನ, ಆ ದಿನ, ಮುಂದೆ ಹಲವು ದಿನ (ಎಷ್ಟು ಅನ್ನೋದು ಡಬ್ಬಿ ಚೀಟಿ ನೋಡ್ರಿ) ಹೆಂಡ-ಸಾರಾಯಿ ಮುಟ್ಟುವಂಗಿಲ್ಲ. ಮೈ ಮುಖ ಕೆಂಪಾಗಿ ಎದೆ ಹೊಡಕೊಂಡು ಆಸ್ಪತ್ರೆ ಸೇರಬೇಕಾಗ್ತದ. ವೈನ್ ಬೆಳೆಯೋರಿಗೆ ಈ ನಿಯಮ ಬಂದದ್ದು ನೋಡ್ರಿ!

---

ಮಂಜುಹನಿ

ವಿಜಯಪುರದವರು ಹೇಳಿದ್ದು ಸರಿ. ಆದರೆ ದಿನಾಂಕದ ಮಟ್ಟಿಗೆ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸವಿದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಕ್ಕೆ ಹಿಂಗಾರು ಅಕ್ಟೋಬರ್-ನವೆಂಬರ್‌ನಲ್ಲಿ ಬಲವಾಗಿ ಬೀಳುತ್ತದೆ. ಸೆಪ್ಟೆಂಬರ್ ಕೊನೆಗೆ ಕತ್ತರಿ ಹಾಕಿದರೆ 35-40 ದಿನಕ್ಕೆ ಹೂವು, ಅಂದರೆ ಸರಿಯಾಗಿ ವಾಯುಭಾರ ಕುಸಿತದ ಬಾಯಿಗೆ. ಹೂವಿನ ಗೊನೆಗೆ ಡೌನಿ (ಎಲೆ, ಗೊನೆಗೆ ಬರುವ ಬೂಷ್ಟು ರೋಗ) ಕೂತರೆ ಎರಡೇ ದಿನದಲ್ಲಿ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ, ಆ ವರ್ಷದ ಕಥೆ ಮುಗಿಯಿತು. ತಡಮಾಡಿ ನವೆಂಬರ್ ಮಧ್ಯಕ್ಕೆ ಕತ್ತರಿಸಿದರೆ ಕೆಂಪು ತಳಿ ಏಪ್ರಿಲ್ ಬಿಸಿಲಿಗೆ ಸಿಕ್ಕಿ ಹುಳಿ ಸುಟ್ಟುಹೋಗುತ್ತದೆ, ಮುಂಗಾರು ಪೂರ್ವ ಆಲಿಕಲ್ಲು ಬೇರೆ. ಬಿಳಿ ತಳಿಗೆ ಕತ್ತರಿಯಿಂದ ಕೊಯ್ಲಿಗೆ 120-130 ದಿನ, ಕೆಂಪಿಗೆ 140-150. ಹಾಗಾಗಿ ಕೆಂಪಿಗೆ ಅಕ್ಟೋಬರ್ 5-20, ಬಿಳಿಗೆ ಅದರ ನಂತರದ ಹತ್ತು-ಹದಿನೈದು ದಿನ. 2 ಎಕರೆಯನ್ನು ಒಂದೇ ದಿನ ಕತ್ತರಿಸಬೇಡಿ. ವಾರದ ಅಂತರದಲ್ಲಿ ಎರಡು ಭಾಗ ಮಾಡಿದರೆ ಒಂದು ಮಳೆಗೆ ಇಡೀ ತೋಟ ಹೋಗುವುದಿಲ್ಲ.

ಡೌನಿಗೆ ನೆನಪಿನ ಲೆಕ್ಕ: ಚಿಗುರು 10 ಸೆಂ.ಮೀ., ಮಳೆ 10 ಮಿ.ಮೀ., ಉಷ್ಣಾಂಶ 10 ಡಿಗ್ರಿಗಿಂತ ಮೇಲೆ. ನಮ್ಮಲ್ಲಿ ಮೂರನೆಯದು ಯಾವಾಗಲೂ ಇದ್ದದ್ದೇ, ಆದ್ದರಿಂದ ಮೂರು ಎಲೆ ಬಂದ ದಿನದಿಂದ ಕಾವಲು. ಮಳೆಗೆ ಮೊದಲು ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ. ಮಳೆ ಬಿದ್ದು ಎಲೆ ಒದ್ದೆಯಾಗಿ ರಾತ್ರಿ ಕಳೆದರೆ ಡೈಮೆಥೊಮಾರ್ಫ್ 1 ಗ್ರಾಂ, ಜೊತೆಗೆ ಮ್ಯಾಂಕೊಜೆಬ್. ಅದೇ ಗುಂಪಿನ ಔಷಧಿಯನ್ನು ಸಾಲಾಗಿ ಮೂರು ಸಲ ಹೊಡೆದರೆ ರೋಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ತೊಟ್ಟಿಕ್ಕಿದಂಥ ಹಳದಿ ಕಲೆ ಕಂಡರೆ ತಿರುಗಿಸಿ ನೋಡಿ. ಕೆಳಗೆ ಬೆಳಗಿನ ಹೊತ್ತು ಬಿಳಿ ಬೂಷ್ಟು ಕಂಡರೆ ಅದು ಜೀವಂತ.

ಬೂದಿರೋಗ ಒಣ ಹವೆಯದು, ಜನವರಿ ನಂತರ ಬರುತ್ತದೆ. ಗಂಧಕ 80 ಡಬ್ಲ್ಯುಡಿಜಿ ಲೀಟರಿಗೆ 2 ಗ್ರಾಂ ಅಗ್ಗ, ಒಳ್ಳೆಯದು. ಊಟದ ದ್ರಾಕ್ಷಿಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ: ಕೊಯ್ಲಿಗೆ 35-40 ದಿನ ಇರುವಾಗಲೇ ಗಂಧಕ ನಿಲ್ಲಿಸಬೇಕು. ಸಿಪ್ಪೆ ಮೇಲೆ ಉಳಿದ ಗಂಧಕ ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ವೈನರಿಯವರು ಸಿಂಪಡಣೆ ದಾಖಲೆ ಕೇಳುವುದು ಇದಕ್ಕೇ. ದಿನಾಂಕ, ಔಷಧಿ, ಪ್ರಮಾಣ, ಯಾರು ಹೊಡೆದರು, ನಾಲ್ಕು ಕಾಲಂ ಪುಸ್ತಕ ಮೊದಲ ದಿನದಿಂದ ಇಡಿ.

ಗೊನೆ ಬಣ್ಣ ತಿರುಗಿದ ಮೇಲೆ ಪೂರ್ವದ ಕಡೆಯ ಎಲೆ ಮಾತ್ರ ತೆಗೆಯಿರಿ. ಪಶ್ಚಿಮದ ಎಲೆ ತೆಗೆದರೆ ಮಧ್ಯಾಹ್ನದ ಬಿಸಿಲಿಗೆ ಕಾಳು ಬೆಂದುಹೋಗುತ್ತದೆ. ಹಕ್ಕಿ ಬಲೆಯನ್ನೂ ಆಗಲೇ ಕಟ್ಟಬೇಕು. ಕ್ಯಾಬರ್ನೆ ಕಾಳು ಚಿಕ್ಕದು, ಮೈನಾ ಹಿಂಡು ಒಂದು ಬೆಳಿಗ್ಗೆ ಒಂದು ಸಾಲು ಖಾಲಿ ಮಾಡುತ್ತದೆ.

---

ಕೆಂಪುಮಣ್ಣು

ಎಲ್ಲರಿಗೂ ಧನ್ಯವಾದ. ನೀರಿನ ಇಸಿ 0.8 ಬಂದಿದೆ. ಹಾಗಾದರೆ ವೈನರಿಯವರು ಹಣ್ಣು ನೋಡುವಾಗ ಬ್ರಿಕ್ಸ್ ಒಂದೇ ನೋಡುತ್ತಾರಾ? 24 ಬಂದರೆ ಸಾಕಾ? ಅರ್ಕ ಶ್ಯಾಮ್, ಅರ್ಕ ಸೋಮಾ ಅಂತ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ತಳಿಗಳೂ ಇವೆಯಲ್ಲ, ಅವು ನಡೆಯುತ್ತವೆಯೇ?

---

ಹುಳಿಮಾಪಕ

ತಳಿ ಪ್ರಶ್ನೆಗೆ ಮೊದಲು. ಅರ್ಕ ಶ್ಯಾಮ್ ಅಂದರೆ ಬೆಂಗಳೂರು ಬ್ಲೂ ಮತ್ತು ಬ್ಲ್ಯಾಕ್ ಚಂಪಾ ಸಂಕರ, ಅರ್ಕ ಸೋಮಾ ಅನಾಬ್-ಎ-ಶಾಹಿಯಿಂದ ಬಂದದ್ದು. ಹೆಸರಘಟ್ಟದವರ ಕೆಲಸ ಗಟ್ಟಿ, ನಮ್ಮ ಹವೆಗೆ ಹೊಂದುತ್ತವೆ. ಆದರೆ ಗ್ರಾಹಕ ಬಾಟಲಿ ಮೇಲೆ ಕ್ಯಾಬರ್ನೆ, ಶಿರಾಜ್ ಅಂತ ಓದಿ ಕೊಳ್ಳುತ್ತಾನೆ. ಯಾವುದಾದರೂ ವೈನರಿ ಬರೆದು ಕೊಟ್ಟರೆ ಮಾತ್ರ ಹಾಕಿ.

ಬ್ರಿಕ್ಸ್ ಒಂದೇ ನೋಡುವ ವೈನರಿ ಇದ್ದರೆ ಅದು ವೈನರಿ ಅಲ್ಲ, ಸಕ್ಕರೆ ಕಾರ್ಖಾನೆ. ನಿಮ್ಮ ಹಣ್ಣಿನ ದರ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) ಮೇಲೆ ನಿಂತಿದೆ. ಕೆಂಪಿಗೆ 3.4ರಿಂದ 3.6, ಬಿಳಿಗೆ 3.2ರಿಂದ 3.4. ಬಿಸಿ ರಾತ್ರಿಯಲ್ಲಿ ಹಣ್ಣು ತನ್ನ ಮ್ಯಾಲಿಕ್ ಹುಳಿಯನ್ನು ತಾನೇ ಉರಿಸಿಕೊಳ್ಳುತ್ತದೆ. ಅದರ ಮೇಲೆ ಹೆಚ್ಚು ಪೊಟ್ಯಾಷ್ ಹಾಕಿದ ತೋಟದಲ್ಲಿ ಸಿಪ್ಪೆಯ ಪೊಟ್ಯಾಸಿಯಂ ಟಾರ್ಟಾರಿಕ್ ಹುಳಿಯನ್ನು ಹಿಡಿದು ತಳಕ್ಕಿಳಿಸುತ್ತದೆ. ಫಲಿತಾಂಶ: 24 ಬ್ರಿಕ್ಸ್, 3.9 ಪಿಎಚ್. ನೋಡಲು ಚೆಂದ, ತಿನ್ನಲು ಸಿಹಿ, ವೈನರಿಗೆ ತಲೆನೋವು.

ಯಾಕೆ ತಲೆನೋವು ಎಂಬುದಕ್ಕೆ ಅಂಕಿ ಕೊಡುತ್ತೇನೆ. ವೈನ್ ಕೆಡದಂತೆ ಕಾಯುವುದು ಸಲ್ಫರ್ ಡೈಆಕ್ಸೈಡ್‌ನ ಅಣುರೂಪದ ಭಾಗ ಮಾತ್ರ, ಅದು 0.8 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ಇರಬೇಕು. ಪಿಎಚ್ 3.4 ಇದ್ದರೆ ಅದಕ್ಕೆ 32 ಪಿಪಿಎಂ ಮುಕ್ತ ಸಲ್ಫರ್ ಡೈಆಕ್ಸೈಡ್ ಸಾಕು. 3.8 ಇದ್ದರೆ 79 ಬೇಕು. ಅಷ್ಟು ಹಾಕುವುದು ಅತಿಯಾಯಿತು, ಹಾಕದಿದ್ದರೆ ವಿನೆಗರ್ ವಾಸನೆ. ಟಾರ್ಟಾರಿಕ್ ಆಮ್ಲ ಸೇರಿಸಿ ಸರಿಮಾಡಬಹುದು. ಲೀಟರಿಗೆ 1 ಗ್ರಾಂ ಹಾಕಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ. 3.9ರಿಂದ 3.6ಕ್ಕೆ ತರಲು ಸಾವಿರ ಲೀಟರಿಗೆ 3 ಕೆ.ಜಿ. ಆ ಖರ್ಚು ನಿಮ್ಮ ದರದಲ್ಲೇ ಕಡಿತವಾಗುತ್ತದೆ.

ಮಾದರಿ ತೆಗೆಯುವುದರಲ್ಲೇ ಹೆಚ್ಚಿನವರು ಮೋಸ ಹೋಗುತ್ತಾರೆ. ಸಾಲಿನ ತುದಿಯ ಬಳ್ಳಿ, ದಾರಿ ಪಕ್ಕದ ಬಳ್ಳಿ ಬಿಡಿ. ಸಾಲಿನ ಎರಡೂ ಬದಿಯಿಂದ, ಗೊನೆಯ ಹೆಗಲು, ನಡು, ತುದಿ ಮೂರೂ ಕಡೆಯಿಂದ ಒಟ್ಟು 200 ಕಾಳು. ಕೈ ತಾನಾಗಿ ಕಪ್ಪಗಿರುವ ಕಾಳಿಗೇ ಹೋಗುತ್ತದೆ, ಹಾಗಾಗಿ ಗೊನೆ ನೋಡದೆ ಮುಖ ತಿರುಗಿಸಿ ಕೀಳುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಸುಕಿ ಸೋಸಿ, ಆ ರಸಕ್ಕೆ ರಿಫ್ರಾಕ್ಟೋಮೀಟರ್ (ಬ್ರಿಕ್ಸ್ ಅಳೆಯುವ ಯಂತ್ರ). ಯಂತ್ರಕ್ಕೆ ತಾಪಮಾನ ಸರಿದೂಗಿಸುವ ವ್ಯವಸ್ಥೆ ಇಲ್ಲದಿದ್ದರೆ 30 ಡಿಗ್ರಿಯಲ್ಲಿ ಓದಿದ ಅಂಕಿಗೆ 0.7-0.8 ಕೂಡಿಸಿ. ಪಿಎಚ್ ಮೀಟರನ್ನು ಪ್ರತಿ ಸಲ 4 ಮತ್ತು 7ರ ದ್ರಾವಣದಲ್ಲಿ ಹೊಂದಿಸಿ. ಕೊನೆಯ ಮೂರು ವಾರ ವಾರಕ್ಕೆರಡು ಸಲ. ಬೀಜ ಕಚ್ಚಿ ನೋಡಿ: ಹಸಿರಾಗಿ ಒಗರು ಇದ್ದರೆ ಬ್ರಿಕ್ಸ್ ಎಷ್ಟೇ ಇರಲಿ ಕಾಯಬೇಕು. ಆದರೆ ಕಾಯುತ್ತಾ ಪಿಎಚ್ 3.7 ದಾಟುವುದಾದರೆ ಬೀಜ ಮರೆತು ಕೊಯ್ಯಿರಿ.

ಕೊಯ್ಲು ಬೆಳಗಿನ ಜಾವ 4ರಿಂದ 9ರೊಳಗೆ, ತಲೆದೀಪ ಕಟ್ಟಿಕೊಂಡು. ಕ್ರೇಟಿಗೆ 15 ಕೆ.ಜಿ. ಮೀರಬೇಡಿ, ಕೆಳಗಿನ ಕಾಳು ಒಡೆದರೆ ದಾರಿಯಲ್ಲೇ ಹುದುಗು ಶುರು. ತಾಲ್ಲೂಕಿನೊಳಗಿನ ವೈನರಿಗೆ ಕೊಡುವುದಾದರೆ ಚಿಂತೆ ಇಲ್ಲ. ಚನ್ನಪಟ್ಟಣದ ಕಡೆ ಕಳಿಸುವುದಾದರೆ 100 ಕಿ.ಮೀ. ಆಸುಪಾಸು, ನಡುವೆ ಬೆಂಗಳೂರು. ಬೆಳಿಗ್ಗೆ 8ರ ಟ್ರಾಫಿಕ್‌ಗೆ ಸಿಕ್ಕಿದ ಲಾರಿಯ ಹಣ್ಣಿನ ಕಥೆ ನಿಮಗೇ ಗೊತ್ತಾಗುತ್ತದೆ.

ಎಲ್ಲಕ್ಕೂ ಎತ್ತರವೇ ಬೇಕು ಅಂತ ತಿಳಿಯಬೇಡಿ. ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ಹಂಪಿ ಬಳಿಯ ಕೊಪ್ಪಳ ಜಿಲ್ಲೆಯ ಕಲ್ಲುಭೂಮಿಯಲ್ಲಿ ಕೃಷ್ಮಾ ತೋಟ ಮಾಡಿ ಕ್ಯಾಬರ್ನೆ, ಸಾಂಜೊವೇಸೆ ಬೆಳೆಸಿದ್ದಾರೆ. ತಿ. ನರಸೀಪುರದ ಬಳಿ ಕಾವೇರಿ ದಂಡೆಯಲ್ಲಿ ಆಲ್ಪೈನ್ ಇದೆ. ಅಲ್ಲಿ ಹವೆ ಬೇರೆ, ಆದರೆ ಇಳುವರಿ ಹಿಡಿತದಲ್ಲಿಟ್ಟು ಪಿಎಚ್ ಕಾಯುವ ಕೆಲಸ ಮಾತ್ರ ಅದೇ.

---

ಗೋದಾಮು

ಸ್ವಂತ ವೈನರಿ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ.

2 ಎಕರೆಯಿಂದ 9 ಟನ್ ಅಂದುಕೊಳ್ಳಿ. ಟನ್ನಿಗೆ 650 ಲೀಟರ್ ಲೆಕ್ಕದಲ್ಲಿ 5,850 ಲೀಟರ್, 750 ಮಿ.ಲೀ. ಬಾಟಲಿ 7,800. ಕಿವಿಗೆ ಚೆನ್ನಾಗಿದೆ. ಈಗ ಶಾಖ ನೋಡಿ. ಒಂದು ಬ್ರಿಕ್ಸ್ ಹುದುಗಿದರೆ ರಸ ಸುಮಾರು 1.3 ಡಿಗ್ರಿ ಬಿಸಿಯಾಗುತ್ತದೆ. ತಂಪು ಮಾಡದೆ ಬಿಟ್ಟರೆ 22 ಬ್ರಿಕ್ಸ್‌ನ ರಸ 28-29 ಡಿಗ್ರಿ ಏರುತ್ತದೆ. ಮಾರ್ಚ್‌ನಲ್ಲಿ 25ರಿಂದ ಶುರುವಾದದ್ದು 35 ದಾಟುತ್ತಿದ್ದಂತೆ ಯೀಸ್ಟ್ ಸಾಯುತ್ತದೆ, ಅರ್ಧ ಸಕ್ಕರೆ ಉಳಿದು ಬ್ಯಾಕ್ಟೀರಿಯಾ ಹತ್ತುತ್ತದೆ. ಕೆಂಪಿಗೆ 24-28, ಬಿಳಿಗೆ 14-16 ಡಿಗ್ರಿ ಹಿಡಿಯಬೇಕಾದರೆ ಜಾಕೆಟ್ (ತಂಪು ದ್ರವ ಹರಿಯುವ ಹೊದಿಕೆ) ಇರುವ ಸ್ಟೀಲ್ ಟ್ಯಾಂಕ್, ಗ್ಲೈಕಾಲ್ ಚಿಲ್ಲರ್, ಕರೆಂಟ್ ಹೋದರೆ ತಾನೇ ಹೊತ್ತಿಕೊಳ್ಳುವ ಜನರೇಟರ್. ಹಣವೆಲ್ಲ ಇಲ್ಲಿಗೇ ಹೋಗುತ್ತದೆ. ವರ್ಷದಲ್ಲಿ ಒಂದೂವರೆ ತಿಂಗಳು ದುಡಿದು ಉಳಿದ ಕಾಲ ಸುಮ್ಮನೆ ನಿಲ್ಲುವ ಯಂತ್ರಗಳು ಇವು. 9 ಟನ್‌ಗೆ ಹೊರೆ ಹೊರಲಾರವು.

ಇನ್ನೊಂದು ಎಚ್ಚರಿಕೆ: ಒಂದು ಲೀಟರ್ ರಸ ಹುದುಗುವಾಗ ಸುಮಾರು 50 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ನೆಲಮಟ್ಟದಲ್ಲಿ, ಟ್ಯಾಂಕಿನೊಳಗೆ ನಿಲ್ಲುತ್ತದೆ. ಸಿಪ್ಪೆ ತೋಡಲು ಟ್ಯಾಂಕಿಗೆ ಇಳಿಯುವವರು ಮೊದಲು ಫ್ಯಾನ್ ಹಾಕಿ, ಮೀಟರ್‌ನಲ್ಲಿ ನೋಡಿ, ಹೊರಗೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು.

ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಡ್ರಮ್ಮಿಗೆ ಹಾಕಿ ಮಾರುವ ಯೋಚನೆ ಇದ್ದರೆ ಕೈಬಿಡಿ, 1965ರ ಕರ್ನಾಟಕ ಅಬಕಾರಿ ಕಾಯ್ದೆ ಅದಕ್ಕೆ ಜಾಗ ಕೊಡುವುದಿಲ್ಲ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ರಾಜ್ಯದಲ್ಲಿ ಉದ್ಯಮಕ್ಕೆ ಹಾದಿ ಸಲೀಸಾಯಿತು, ಮಂಡಳಿಯೂ ಆಯಿತು, ನಂದಿ-ಕೃಷ್ಣಾ-ಕಾವೇರಿ ಕಣಿವೆ ಅಂತ ವಲಯಗಳೂ ಆದವು. ಆದರೆ ಬೇರೆ ರಾಜ್ಯದಲ್ಲಿ ಮಾರಲು ಅಲ್ಲಿನ ಅಬಕಾರಿ ಶುಲ್ಕ, ಲೇಬಲ್ ನೋಂದಣಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. 7,800 ಬಾಟಲಿಗೆ ಅದು ಗಿಟ್ಟುವುದಿಲ್ಲ.

ಉಳಿದದ್ದು ಒಪ್ಪಂದದ ಬೆಳೆ. ಮಹಾರಾಷ್ಟ್ರ ನಮಗಿಂತ ಆರು ವರ್ಷ ಮೊದಲು, 2001ರಲ್ಲೇ ನೀತಿ ತಂದಿತ್ತು. ತೋಟಗಳು ಭರದಿಂದ ಏರಿದವು. 2008ರ ಆರ್ಥಿಕ ಕುಸಿತ, ಆ ನವೆಂಬರ್‌ನ ಮುಂಬೈ ದಾಳಿ, ಹೋಟೆಲು ಖಾಲಿ. ವೈನ್ ಟ್ಯಾಂಕಿನಲ್ಲೇ ಉಳಿಯಿತು, ಹಣ್ಣು ಕೇಳುವವರಿಲ್ಲ, ಎಷ್ಟೋ ರೈತರು ವೈನ್ ಬಳ್ಳಿ ಕಿತ್ತರು. ಕ್ಯಾಬರ್ನೆಯನ್ನು ಕೆ.ಆರ್. ಮಾರುಕಟ್ಟೆಗೆ ತಂದರೆ ಯಾರೂ ಮುಟ್ಟುವುದಿಲ್ಲ: ಚಿಕ್ಕ ಕಾಳು, ಒಳಗೆಲ್ಲ ಬೀಜ, ದಪ್ಪ ಸಿಪ್ಪೆ. ಒಣದ್ರಾಕ್ಷಿಯೂ ಆಗದು. ಬ್ಲೂಗೆ ಇರುವ ಎರಡನೇ ದಾರಿ ಇದಕ್ಕಿಲ್ಲ.

ಆದ್ದರಿಂದ ಒಪ್ಪಂದದ ಕಾಗದ ಸಸಿಗಿಂತ ಮೊದಲು. ಅದರಲ್ಲಿ ಕಡ್ಡಾಯವಾಗಿ ಇರಬೇಕಾದವು: ತಳಿ ಮತ್ತು ಬೇರುಕಾಂಡ, ಎಷ್ಟು ವರ್ಷ (ಮೊದಲ ಪೂರ್ಣ ಫಸಲಿನ ನಂತರ ಕನಿಷ್ಠ ಐದು ಕೇಳಿ), ಬ್ರಿಕ್ಸ್ ಮತ್ತು ಪಿಎಚ್‌ಗೆ ತಕ್ಕ ದರದ ಪಟ್ಟಿ, ಎಕರೆಗೆ ಗರಿಷ್ಠ ಟನ್, ಮಾದರಿಯನ್ನು ಇಬ್ಬರೂ ಒಟ್ಟಿಗೆ ತೆಗೆಯುವುದು, ಕೊಯ್ಲು ದಿನ ಯಾರು ಹೇಳುತ್ತಾರೆ, ಹಣ್ಣು ತಯಾರಾದ ಮೇಲೆ ಅವರು ತಡಮಾಡಿ ತೂಕ ಇಳಿದರೆ ಆ ನಷ್ಟ ಯಾರದು, ಕ್ರೇಟು, ಸಾಗಣೆ ಯಾರದು, ಹಣ ಎಷ್ಟು ದಿನದಲ್ಲಿ. ತೂಕ ಇಳಿಯುವ ಕಲಂ ಅನ್ನು ಸಣ್ಣದೆಂದು ಬಿಡಬೇಡಿ. ವೈನರಿಯಲ್ಲಿ ಟ್ಯಾಂಕ್ ಖಾಲಿ ಇಲ್ಲದಾಗ ‘ಇನ್ನೊಂದು ವಾರ ಬಿಡಿ, ಬ್ರಿಕ್ಸ್ ಬರಲಿ’ ಅನ್ನುತ್ತಾರೆ. ಆ ವಾರದಲ್ಲಿ ಕಾಳು ಸುಕ್ಕಾಗಿ ನೂರಕ್ಕೆ ಹತ್ತು ಕೆ.ಜಿ. ಹೋದರೂ ಆಶ್ಚರ್ಯವಿಲ್ಲ.

---

ಬಳ್ಳಿಕಣ್ಣು

ಗೋದಾಮು ಅವರ ಮಾತಿಗೆ ಒಂದು ಸೇರಿಸುತ್ತೇನೆ. 2 ಎಕರೆ ಒಟ್ಟಿಗೆ ಕೀಳಬೇಡಿ. ಬೆಂಗಳೂರು ಬ್ಲೂಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಎರಡು ವರ್ಷಕ್ಕೆ ಐದು ಬೆಳೆ ತೆಗೆಯುವ ತಳಿ ಅದು, ಮನೆ ಖರ್ಚು ನಡೆಸುವುದೂ ಅದೇ. ಒಂದು ಎಕರೆ ಬ್ಲೂ ಇರಲಿ, ಒಂದು ಎಕರೆ ಹೊಸದು.

ಆದರೆ ಎರಡರ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ. ಬ್ಲೂಗೆ ಡೌನಿ ಸುಲಭವಾಗಿ ತಗಲುತ್ತದೆ, ಅದರ ಮೇಲೆ ರೋಗ ಇದ್ದೇ ಇರುತ್ತದೆ. ವರ್ಷವಿಡೀ ಎಲೆ ಇರುವ ಚಪ್ಪರದ ಪಕ್ಕದಲ್ಲೇ ಅಕ್ಟೋಬರ್‌ನ ಎಳೆ ಶಿರಾಜ್ ಚಿಗುರು ಇದ್ದರೆ ಬೀಜಾಣು ಅಲ್ಲಿಂದ ಇಲ್ಲಿಗೆ. ಕತ್ತರಿ ಹಾಕುವ ವಾರ ಬ್ಲೂ ಚಪ್ಪರಕ್ಕೂ ಶೇ. 1ರ ಬೋರ್ಡೋ ದ್ರಾವಣ ಹೊಡೆಯಿರಿ: 100 ಲೀಟರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ. ಕೂಡಿಸಿದ ಮೇಲೆ ಉಜ್ಜಿದ ಕಬ್ಬಿಣದ ಮೊಳೆ ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ.